ಜೀಪಿನ ಕೆಳಗಿನ ತಾಟು

ಎಣ್ಣೆ ಸೋರುವ ಗಾಡಿಯನ್ನು ಹೊಳೆಗಿಳಿಸಿ ತೊಳೆಯುವುದು ತಪ್ಪು. ಹಬ್ಬವಿರಲಿ, ಅಮಾವಾಸ್ಯೆಯಿರಲಿ, ತಪ್ಪು ತಪ್ಪೇ.

ಇವತ್ತು ದಡ್ಡಿ ಊರಿನ ಹತ್ತಿರ ಘಟಪ್ರಭಾ ಹೊಳೆಯ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಪೊರೆ ಕಂಡು ಅಪ್ಪನ ಹಳೆಯ ಜೀಪು ನೆನಪಾಯಿತು. ಅದರ ಇಂಜಿನ್ನಿನಿಂದ ಸದಾ ಎಣ್ಣೆ ತೊಟ್ಟಿಕ್ಕುತ್ತಿತ್ತು. ಆದರೂ ಪ್ರತಿ ಅಮಾವಾಸ್ಯೆಯ ವಾಹನಪೂಜೆಗೆ ಮುಂಚೆ ಎಲ್ಲರಂತೆ ಅಪ್ಪನೂ ಗಾಡಿಯನ್ನು ಇದೇ ನೀರಿಗೆ ಇಳಿಸುತ್ತಿದ್ದ.

ಒಮ್ಮೆ ಹಾಗೆ ತೊಳೆಯುತ್ತಿದ್ದಾಗ ಕುರಿ ಕಾಯುವ ಸಿದ್ದಪ್ಪ ಕಾಕಾ ತನ್ನ ಹಿಂಡನ್ನು ದಂಡೆಯಲ್ಲೇ ತಡೆದು ನಿಂತ.

"ನಿನ್ನ ಜೀಪ್ ಇನ್ನೂ ಚಡ್ಡ್ಯಾಗ ಉಚ್ಚಿ ಹೊಯ್ಯೂದು ಬಿಟ್ಟಿಲ್ಲೇನೋ?"

"ನಾಕ್ ಹನಿ ಎಣ್ಣಿಗೆ ಹೊಳಿ ಕೆಡತೈತೇನ್ ಕಾಕಾ?" ಅಪ್ಪ ನಕ್ಕ.

"ಹಂಗಾರ ನೀ ಒಂದ್ ಬೊಗಸಿ ಕುಡಿ. ಆಮ್ಯಾಲ ನನ್ನ ಕುರಿ ಕುಡೀತಾವ."

ಅಪ್ಪ ಬಾಗಿ ಬೊಗಸೆಯಲ್ಲಿ ನೀರೆತ್ತಿದ. ಬಾಯಿಯ ಹತ್ತಿರ ತಂದವನು ವಾಸನೆಗೆ ಮುಖ ಕಿವುಚಿ ಚೆಲ್ಲಿಬಿಟ್ಟ. ಜೀಪನ್ನು ನೀರಿನಿಂದ ಹಿಂದಕ್ಕೆ ತೆಗೆದ.

ಆ ದಿನ ಮನೆಯಲ್ಲಿ ಜೀಪನ್ನು ಒದ್ದೆ ಬಟ್ಟೆಯಿಂದ ಒರೆಸಿಯೇ ಪೂಜೆಯಾಯಿತು. ಮರುದಿನ ಅಪ್ಪ ಗೋಕಾಕದಿಂದ ಹೊಸ ವಾಶರ್ ತಂದು ಇಂಜಿನ್ನಿನ ತಳದ ಬೋಲ್ಟಿಗೆ ಹಾಕಿದ. ಸೋರುವುದು ನಿಂತಿತು. ಆದರೂ ಅವ್ವನ ಹಳೆಯ ಊಟದ ತಾಟೊಂದನ್ನು ಜೀಪಿನ ಕೆಳಗಿಟ್ಟು, ಎಣ್ಣೆ ಹನಿ ಬಿದ್ದಿದೆಯೇ ಎಂದು ದಿನ ಬೆಳಗಾದರೆ ಬಗ್ಗಿ ನೋಡುತ್ತಿದ್ದ. "ಯಾಕ್ರಿ, ನಿಂತೈತಲ್ಲ?" ಎಂದು ಅವ್ವ ಕೇಳಿದರೆ, "ಕಾಕಾನ ಕುರಿ ಕೇಳ್ತಾವ" ಎನ್ನುತ್ತಿದ್ದ.

ಬರುವ ಭಾನುವಾರ ಅಮಾವಾಸ್ಯೆ. ಗಾಡಿಗಳು ಹೊಳೆಗೆ ಇಳಿಯುವ ಮೊದಲೇ ಅವನ್ನು ತಡೆಯಲು ನಾವು ಅಲ್ಲಿ ನಿಂತಿರಬೇಕು. ಬನ್ನಿ, ಬೆಳಿಗ್ಗೆ ಆರು ಗಂಟೆಗೆ, ಅದೇ ದಂಡೆಗೆ.