ಮೂಲಿ ಹರಿದ ಕಾರ್ಡು

ನಮ್ಮ ಮನಿಯವರು ತೀರಿ ಹೋಗೋ ಹಿಂದಿನ ದಿನ ಮಂಗಳವಾರ ಇತ್ತು. ಮುಂಜಾನೆ ಎದ್ದು ಕಸ ಹೊಡೆದೆ, ನೀರು ತುಂಬಿದೆ, ಆಮ್ಯಾಲೆ ಸೂಜಿ ತಗೊಂಡು ಟೈಪ್ ಮಷೀನಿನ ಅಕ್ಷರ ಸ್ವಚ್ಛ ಮಾಡಿದೆ. ಇಂಗ್ಲಿಷಿನ ಒಂದು ಅಕ್ಷರಕ್ಕ ಸಣ್ಣ ಹೊಟ್ಟಿ ಅದ. ಅದರೊಳಗ ರಿಬ್ಬನಿನ ಮಸಿ ತುಂಬಿಕೋತದ. ತುಂಬಿದ್ರ ಕಾಗದದ ಮ್ಯಾಲೆ ನೊಣ ಕುಂತಂಗ ಕಾಣತದ. ಎಲ್ಲಾಕ್ಕಿಂತ ಹೆಚ್ಚಿಗಿ ಬರೋ ಅಕ್ಷರ ಅದೇ ಅಂತ. ಅದರ ಹೆಸರು ನನಗ ಗೊತ್ತಿಲ್ಲ. ಕೌದಿ ಹೊಲಿಯೋ ಸೂಜಿ ಅದಕ್ಕ ಬರೋಬ್ಬರಿ ಹಿಡೀತಿತ್ತು.

ಎಪ್ಪತ್ತಾರನೇ ಇಸವಿ. ವಿಜಾಪುರದ ಸೊಲ್ಲಾಪುರ ರಸ್ತಾದಾಗ ನಮ್ಮದು ಎರಡು ಖೋಲಿ. ಮುಂದಿನದು ಟೈಪಿಂಗ್ ಅಂಗಡಿ, ಹಿಂದಿನದು ಮನಿ. ಬಾಜೂಕ ಪಂಚರ್ ಅಂಗಡಿ. ನಮ್ಮ ಮನಿಯವರು ಕೋರ್ಟಿನ ಅರ್ಜಿ, ನೌಕರಿ ಅರ್ಜಿ, ಕಾಲೇಜಿನವರು ಬರೆದ ಪೇಪರು ಟೈಪ್ ಮಾಡತಿದ್ರು. ಅವರ ಊರು ತಿಕೋಟಾ, ನನ್ನ ತವರು ಬಬಲೇಶ್ವರ. ನಾನು ಕನ್ನಡ ಸಾಲ್ಯಾಗ ನಾಲ್ಕನೇತ್ತಾ ಪಾಸಾಗೇನಿ. ಈ ಮಾತು ಮುಂದ ಬರ್ತದ.

ಅವರಿಗೆ ಫಾರಸಿ ಬರತಿತ್ತು. ಸಣ್ಣವರಿದ್ದಾಗ ಗುಮ್ಮಟದ ಕಡೆ ಕಲ್ಲಿನ ಮ್ಯಾಲೆ ಏನು ಕೊರದಾರ ಅಂತ ಕೇಳಿದ್ರಂತ. ಯಾರೂ ಹೇಳಲಿಲ್ಲಂತ. ದೊಡ್ಡವರಾದ ಮ್ಯಾಲೆ ಹಿಂದಿನ ಓಣಿಯ ಮಲಂಗಸಾಬರ ಹಂತೇಲಿ ಹೋಗಿ ಕಲತ್ರು. ಮಲಂಗಸಾಬರು ಫಾರಸಿ ಕಲಿಸಿ ರಿಟೈರ್ ಆದ ಮಾಸ್ತರು. ನಾನು ಅವರಿಗೆ ಕಾಕಾ ಅಂತೇನಿ.

ಒಮ್ಮೆ ಕಾಲೇಜಿನ ಒಬ್ಬ ಸರ್ ಟೈಪ್ ಮಾಡಾಕ ಒಂದು ಪೇಪರು ತಂದ್ರು. ನಮ್ಮ ಕಡೆ ಮಾತಿನ್ಯಾಗ ಇರೋ ಫಾರಸಿ ಶಬ್ದದ ಮ್ಯಾಲೆ ಬರದಿದ್ರು. ದಿಲ್ಲಿಯ ಒಂದು ಪತ್ರಿಕಿಗೆ ಕಳಸೋದಿತ್ತು. ಪರದೇಶದ ಭಾಷಾಗಳ ಪತ್ರಿಕಿ. ಇವರು ಟೈಪ್ ಮಾಡಿ ಕೊಟ್ಟು, "ಸರ್, ಇದರಾಗ ಐದು ಶಬ್ದದ ಅರ್ಥ ತಪ್ಪದರಿ," ಅಂದ್ರು.

ಸರ್ ನಕ್ಕರು. "ಅಮರಪ್ಪ, ನೀ ಪೇಪರ್ ಬರಿಯಾಕ ಕುಂತ್ರ ನಾವು ಟೈಪಿಂಗ್ ಕಲೀಬೇಕಾಗ್ತದಲೇ."

ಅಂಗಡ್ಯಾಗ ಇದ್ದವರೆಲ್ಲ ನಕ್ಕರು. ಇವರೂ ನಕ್ಕರು. ಸಂಜಿಕ ಒಂದು ಕಟ್ಟು ಬಿಳಿ ಹಾಳಿ ತಂದ್ರು.

ಆ ಪತ್ರಿಕಿಯ ಹಿಂದ ರಿವಾಜು ಅಚ್ಚು ಹಾಕಿದ್ರು. ನನಗ ಕನ್ನಡದಾಗ ಹೇಳಿದ್ರು. ಹಾಳಿಯ ಒಂದೇ ಮಗ್ಗಲಿಗೆ ಟೈಪ್ ಮಾಡಬೇಕು. ಎರಡು ಪ್ರತಿ ಕಳಸಬೇಕು. ಪೇಪರಿನ ಮ್ಯಾಲೆ ಬರದವರ ಹೆಸರು ಇರಬಾರದು, ಬ್ಯಾರೆ ಚೀಟಿ ಮ್ಯಾಲೆ ಬರೀಬೇಕು.

"ಹೆಸರು ಯಾಕ ಬ್ಯಾಡ?" ಅಂದೆ.

"ಓದಿ ನೋಡೋವ್ರಿಗೆ ಯಾರು ಬರದಾರ ಗೊತ್ತಾಗಬಾರದು."

"ಗೊತ್ತಾದ್ರ?"

"ಟೈಪಿಸ್ಟ ಅಂತ ಗೊತ್ತಾಗ್ತದ."

ಮತ್ತ ಒಂದು ರಿವಾಜಿತ್ತು. ನಮ್ಮ ವಿಳಾಸ ನಾವೇ ಬರೆದು, ಸ್ಟಾಂಪ್ ಹಚ್ಚಿ, ಖಾಲಿ ಲಕೋಟಿ ಒಳಗಿಟ್ಟು ಕಳಸಬೇಕು. ಪೇಪರ್ ಬ್ಯಾಡಾದ್ರ ಅದರಾಗ ಹಾಕಿ ವಾಪಸ್ ಕಳಸ್ತಾರ.

ಮೊದಲನೇ ಪೇಪರಿನ ಹಾಳಿ ಹಾರಿ ಹೋಗಬಾರದು ಅಂತ ನಾನು ಕೌದಿ ದಾರದಿಂದ ಹೊಲಿದು ಕೊಟ್ಟೆ. ಗಟ್ಟಿ ಹೊಲಿದಿದ್ದೆ. ಹೊಲೀಬಾರದು ಅಂತ ಬರೆದು ವಾಪಸ್ ಕಳಿಸಿದ್ರು. ಎರಡನೇದು ಅಕ್ಷರ ಕಪ್ಪಾಗ್ಯಾವ ಅಂತ ಬಂತು. ಸೂಜಿ ಕೆಲಸ ಅವತ್ತಿನಿಂದ ಸುರು ಆತು. ಮೂರನೇದು, ನಾಲ್ಕನೇದು ಓದಿ ವಾಪಸ್ ಕಳಿಸಿದ್ರು. ಯಾಕ ಬ್ಯಾಡ ಅಂದಾರ ಅಂತ ಅವರು ನನಗ ಹೇಳಲಿಲ್ಲ. ಓದಿ, ಮಡಚಿ, ಅಂಗಿ ಕಿಸೇದಾಗ ಇಟ್ಕೊಂಡ್ರು. ಟಪಾಲಿನವ ಬಾಗಿಲಿಗೆ ಬಂದು ಬೆರಳಿನಿಂದ ಒತ್ತಿ ನೋಡಿ, "ದಪ್ಪ ಅದರಿ," ಅಂತಿದ್ದ. ದಪ್ಪ ಇದ್ರ ಪೇಪರ್ ತಿರುಗಿ ಬಂದಂಗ. ಅಷ್ಟು ಅವನಿಗೂ ತಿಳಿದಿತ್ತು.

"ಒಂದು ಸಲ ಅಚ್ಚಾಗ್ಲಿ. ಆಮ್ಯಾಲೆ ಬಿಡ್ತೇನಿ," ಅಂತಿದ್ರು.

ಐದನೇದಕ್ಕ ಅವರು ಊರೂರು ತಿರುಗಿದ್ರು. ಐತವಾರ ಬಂದ್ರ ಬಸ್ಸು ಹತ್ತಿ ತಿಕೋಟಾ, ಬಬಲೇಶ್ವರ, ಜೈನಾಪುರ. ಒಕ್ಕಲುತನದ ಶಬ್ದ, ಮನಿ ಮಾತಿನ ಶಬ್ದ ಕೇಳಿ ಬರಕೊಂಡ್ರು. ಆಗ ಸರಕಾರದವರು ಊರೊಳಗ ಬಂದು ಗಂಡಸರನ್ನ ಮಕ್ಕಳಾಗದಂಗ ಮಾಡೋ ಆಪರೇಶನ್ನಿಗೆ ಹಿಡಕೊಂಡು ಹೋಗತಿದ್ರು. ಜೈನಾಪುರದಾಗ ಕೈಯಾಗ ವಹಿ ಹಿಡಿದು ಬಂದ ಇವರನ್ನ ನೋಡಿ ಗಂಡಸರೆಲ್ಲ ಜ್ವಾಳದ ಹೊಲ ಹೊಕ್ಕರು. ಅವತ್ತು ಬರೇ ಹೆಂಗಸರ ಶಬ್ದ ಸಿಕ್ಕುವು.

ಆ ಮಂಗಳವಾರ ಐದನೇ ಪೇಪರ್ ಟೈಪ್ ಮುಗೀತು. ಲಕೋಟಿ ಮ್ಯಾಲೆ ತಮ್ಮ ವಿಳಾಸ ತಾವೇ ಬರದ್ರು. ನಾನು ಹಾಳಿ ಎಣಿಸಿ ಕೊಟ್ಟೆ. ಪೋಸ್ಟಿಗೆ ಹಾಕಿ ಬಂದು ಉಣಾಕ ಕುಂತ್ರು.

"ನಾಳೆ ಕನಮಡಿಗೆ ಹೋಗಿ ಬರ್ತೇನಿ," ಅಂದ್ರು. "ಅಲ್ಲೊಬ್ಬ ಮುದುಕ ಅದಾನಂತ. ಬಾವಿ ನೀರು ಎತ್ತೋರ ಹಳೇ ಶಬ್ದೆಲ್ಲ ಅವಗ ಗೊತ್ತಂತ."

"ಪೇಪರ್ ಹೋತಲ್ಲ."

"ಮುಂದಿನದಕ್ಕ."

ಮರುದಿನ ಕನಮಡಿಯೊಳಗ ಬಸ್ಸಿಳಿದು, ಗಿಡದ ಕಟ್ಟಿಗೆ ಕುಂತು, ಕುಡಿಯಾಕ ನೀರು ಕೇಳಿದ್ರಂತ. ನೀರು ತರೂದ್ರೊಳಗ ಜೀವ ಹೋಗಿತ್ತು. ವಯಸ್ಸು ನಲವತ್ನಾಕು. ಆ ಮುದುಕ ಇನ್ನೂ ಅದಾನ.

ತಿಕೋಟಾದಾಗ ಮಣ್ಣು ಮಾಡಿದ್ರು. ಮೂರನೇ ದಿನ ಮೈದುನ ಹಣಮಂತ ಬಂಧು ಬಳಗಕ್ಕ ಕಾರ್ಡು ಬರಿಯಾಕ ಕುಂತ. ಅವ ಮ್ಯಾಟ್ರಿಕ್ ಪಾಸಾಗ್ಯಾನ. ಸಾವಿನ ಕಾರ್ಡಿನ ಒಂದು ಮೂಲಿ ಹರೀಬೇಕು. ಕಾರ್ಡು ಮುಟ್ಟಿದವರು ಓದೂಕಿಂತ ಮೊದಲ ತಿಳಕೋತಾರ. ಬಾಗಿಲದಾಗ ನಿಂತು ಓದಿ ಅಲ್ಲೇ ಹರಿದು ಒಗೀತಾರ. ಮನ್ಯಾಗ ಇಡಂಗಿಲ್ಲ. ಅವ ಬರದ, ನಾನು ಮೂಲಿ ಹರಿದೆ. ಹದಿನಾರು ಆದುವು.

"ಇನ್ನ ಯಾರರೆ ಉಳಿದಾರೇನು ವೈನಿ?"

"ದಿಲ್ಲಿ ಪತ್ರಿಕಿಯವರು."

"ಅವರೇನು ನಮಗ ಬೀಗರ?"

"ನಾಕು ವರ್ಷ ಕಾಗದ ಬರದಾರ. ನಿಮ್ಮ ಸ್ವಾದರಮಾವ ಒಂದೂ ಬರದಿಲ್ಲ. ಅವಗ ಕಾರ್ಡು ಬರದೀ."

ಹಣಮಂತ ಹದಿನೇಳನೇದು ಬರದ. ಉಳಿದವರಿಗೆ ಬರದಂಗ ಅವರಿಗೂ ಕನ್ನಡದಾಗ ಬರದ. ಅವನಿಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ.

ಮೂರು ತಿಂಗಳಿಗೆ ಟಪಾಲಿನವ ಬಾಗಿಲಿಗೆ ಬಂದ. ಲಕೋಟಿ ಮುಂದ ಹಿಡಿದ. ಅದರ ಮ್ಯಾಲೆ ಇವರ ಕೈ ಅಕ್ಷರ ಇತ್ತು. ಇಂಗ್ಲಿಷಿನ್ಯಾಗ ಬರದದ್ದು ನನಗ ಓದಾಕ ಬರಂಗಿಲ್ಲ. ಕೈ ಗುರುತು ಹತ್ತತದ. ಮಂಗಳವಾರ ನನ್ನ ಮುಂದ ಕುಂತು ಬರದ ಲಕೋಟಿ.

"ತೆಳ್ಳಗ ಅದರಿ ಯವ್ವಾ," ಅಂದ ಟಪಾಲಿನವ.

ನಾನು ಅದನ್ನ ಒಡೀಲಿಲ್ಲ. ತಿಕೋಟಾಕ್ಕ ಹೇಳಿ ಕಳಿಸಿದೆ. ಹಣಮಂತ ಬಂದ ಮ್ಯಾಲೆ ಇಬ್ಬರೂ ಮಲಂಗಸಾಬ ಕಾಕಾನ ಮನಿಗೆ ಹೋದಿವಿ. ಕಾಕಾನ ಕಣ್ಣಿಗೆ ಪೊರಿ ಬಂದದ, ಭೂತಗನ್ನಡಿ ಹಿಡಿದು ಓದತಾರ. ಹಣಮಂತ ಒಡೆದು ಓದಿದ. ಪೇಪರ್ ಒಪ್ಪ್ಯಾರಂತ. ಅಚ್ಚಿನ ಮೊದಲ ನಕಲು ಕಳಿಸ್ಯಾರಂತ. ಅದಕ್ಕ ಪ್ರೂಫ್ ಅಂತಾರ. ತಪ್ಪಿದ್ರ ತಿದ್ದಿ, ಬರದವರು ಸಹಿ ಮಾಡಿ, ಹದಿನೈದು ದಿನದಾಗ ಮುಟ್ಟಿಸಬೇಕಂತ. ಇಲ್ಲಂದ್ರ ಅಚ್ಚಾಗಂಗಿಲ್ಲ. ಅದರಾಗ ಆರು ದಿನ ಆಗಲೇ ಹೋಗಿದ್ದುವು.

ಕೆಳಗ ಇನ್ನೆರಡು ಸಾಲು ಇದ್ದುವು. ಹಣಮಂತ ಅವನ್ನ ಎರಡು ಸಲ ಓದಿ ಹೇಳಿದ. "ನಿಮ್ಮ ಒಂದು ಕಾರ್ಡು ಟಪಾಲಿನ್ಯಾಗ ಮೂಲಿ ಹರಿದು ಬಂದದ. ಅದರ ಲಿಪಿ ನಮ್ಮ ಆಫೀಸಿನ್ಯಾಗ ಯಾರಿಗೂ ಬರಂಗಿಲ್ಲ. ಜರೂರ ಇದ್ರ ಮತ್ತೊಮ್ಮೆ ಬರೀರಿ."

ಕಾಕಾ ಕನ್ನಡಿ ಕೆಳಗಿಟ್ಟರು. "ಪರದೇಶದ ಭಾಷಾದವರು. ಕನ್ನಡ ಇನ್ನೂ ಪರದೇಶ ಆಗಿಲ್ಲ," ಅಂದ್ರು.

"ಅಂದ್ರ ಅಣ್ಣ ಹೋಗಿದ್ದು ಅವರಿಗೆ ಗೊತ್ತಿಲ್ಲ," ಅಂದ ಹಣಮಂತ. "ಚಲೋ ಆತು. ಅಣ್ಣನ ಸಹಿ ನಾ ಮಾಡ್ತೇನಿ. ಸಾಲಿ ಕಲಿವಾಗ ನನ್ನ ಮಾರ್ಕಿನ ಕಾರ್ಡಿನ ಮ್ಯಾಲೆ ಅವನ ಸಹಿ ನಾನ ಹಾಕತಿದ್ದೆ. ಒಮ್ಮೆನೂ ಸಿಕ್ಕಿಲ್ಲ."

"ಬ್ಯಾಡ," ಅಂದೆ.

"ಖರೇ ಹೇಳಿದ್ರ ಅವರು ಕೈ ಬಿಡಬಹುದು ತಂಗಿ," ಅಂದ್ರು ಕಾಕಾ. "ಸತ್ತವನ ಪೇಪರ್ ಇಟ್ಕೊಂಡು ಅವರೇನು ಮಾಡ್ತಾರ? ಸಾಲಾಗಿ ಜೀವಂತ ಇದ್ದವರು ನಿಂತಿರ್ತಾರ."

"ಹೆಸರು ನೋಡದ ಒಪ್ಪ್ಯಾರಲ್ಲ ಕಾಕಾ. ಈಗ ಸುಳ್ಳು ಸಹಿ ಹಾಕಿದ್ರ ಅದು ಹಣಮಂತನ ಪೇಪರ್ ಆಗ್ತದ. ಇವ ಏನು ಬರದಾನ?"

ನನಗೂ ಅಂಜಿಕಿ ಇತ್ತು. ಅಷ್ಟು ವರ್ಷದಾಗ ಅವರು ಕೇಳಿದ್ದು ಅದೊಂದ. ಅದು ನನ್ನ ಕೈಯಿಂದ ಹೋದ್ರ ಯಾರ ಮುಂದ ಹೇಳಲಿ.

ಪೇಪರಿನ ಕಾರ್ಬನ್ ಪ್ರತಿ ಮನ್ಯಾಗ ಇತ್ತು. ನಾಕು ದಿನ ಕುಂತಿವಿ. ಫಾರಸಿ ಅಕ್ಷರ ಕಾಕಾ ನೋಡಿದ್ರು, ಇಂಗ್ಲಿಷ್ ಹಣಮಂತ ನೋಡಿದ. ಅವರ ಕೆಲಸ ಮುಗಿದ ಮ್ಯಾಲೆ ನಾ ಕುಂತೆ. ಪ್ರತಿಯ ಮ್ಯಾಲೊಂದು ದಾರ, ಪ್ರೂಫಿನ ಮ್ಯಾಲೊಂದು ದಾರ ಇಟ್ಟು, ಸಾಲಿಗೆ ಸಾಲು, ಅಕ್ಷರಕ್ಕ ಅಕ್ಷರ ಹೋಲಿಸಿದೆ. ಕೌದಿಯ ಹೊಲಿಗಿ ನೋಡೂದು ಹಂಗ. ಏನು ಬರದಾರ ಅಂತ ತಿಳೀಬೇಕಂತಿಲ್ಲ, ಎಲ್ಲಿ ತಪ್ಪೇದ ಅಂತ ತಿಳಿದ್ರ ಸಾಕು. ಹಣಮಂತ ಒಂಬತ್ತು ತಪ್ಪು ಹಿಡಿದಿದ್ದ. ನಾನು ಒಂದು ಹಿಡಿದೆ. ಒಂದು ಸಾಲು ಪೂರ್ತಿ ಬಿಟ್ಟು ಹೋಗಿತ್ತು.

"ಇದೇನದ ಓದು," ಅಂದೆ.

ಹಣಮಂತ ಮನಸಿನ್ಯಾಗ ಓದಿಕೊಂಡ. ನನ್ನ ಮಾರಿ ನೋಡಿದ.

"ಓದಪಾ," ಅಂದೆ.

"ಈ ಶಬ್ದ ಹೇಳಿದಾಕಿ ಬಬಲೇಶ್ವರದ ಒಬ್ಬ ಹೆಣ್ಣಮಗಳು. ವಯಸ್ಸು ನಲವತ್ತು. ಓದು ಬರಹ ಇಲ್ಲ."

"ಯಾವ ಶಬ್ದ?"

"ಹೈರಾಣ."

ಅದನ್ನ ನಾ ದಿನಾ ಸಂಜಿಕ ಅಂತಿದ್ದೆ. ನೀರು ಹೊತ್ತು ಹೈರಾಣಾತು, ರೊಟ್ಟಿ ಬಡದು ಹೈರಾಣಾತು. ಅವರು ಎದ್ದು ಬಂದು ಕೊಡ ಇಸಕೊಂಡದ್ದಿಲ್ಲ. ಬರಕೊಂಡಿದ್ರು.

"ಮೂವತ್ತಾರು," ಅಂದೆ.

"ಏನು?"

"ನನ್ನ ವಯಸ್ಸು. ಮತ್ತ ನಾಲ್ಕನೇತ್ತಾ ಪಾಸ್. ಹಂಗ ಬರಿ."

"ವೈನಿ, ಅಣ್ಣ ಬರದದ್ದನ್ನ ಹೆಂಗ ತಿದ್ದೂದು?"

"ತಪ್ಪಿದ್ರ ತಿದ್ದರಿ ಅಂತ ಪತ್ರಿಕಿಯವರೇ ಬರದಾರ."

ಕಾಕಾ ಹೆಗಲ ಮ್ಯಾಲಿನ ಉಪರಣಿಯಿಂದ ಬಾಯಿ ಮುಚ್ಚಿಕೊಂಡ್ರು. ನಗತಿದ್ರೋ ಏನೋ. ಹದಿನೆಂಟು ವರ್ಷ ಬಾಳೇವು ಮಾಡಿ, ನನ್ನ ವಯಸ್ಸು ಅಂದಾಜಿನ ಮ್ಯಾಲೆ ಬರದಿದ್ರು. ಯಾಕ ಅಂತ ಕೇಳಬೇಕಂದ್ರ ಅವರಿಲ್ಲ.

ಸಹಿ ಮಾಡೋ ಜಾಗಾದಾಗ ನನ್ನ ಹೆಸರು ಬರದೆ. ಗೌರಾಬಾಯಿ. ಕನ್ನಡದಾಗ. ಕೆಳಗ ಹಣಮಂತ ಇಂಗ್ಲಿಷಿನ್ಯಾಗ ಬರದ. ಇದನ್ನ ಬರದವರು ಕನಮಡಿಯೊಳಗ ತೀರಿಕೊಂಡಾರ, ಹೆಂಡತಿ ನೋಡಿ ತಿದ್ದ್ಯಾಳ, ಮುಂಚೆ ಕಳಿಸಿದ ಕಾರ್ಡು ಇದೇ ಸುದ್ದಿದು.

"ಮೂಲಿ ಹರೀಲೇನು?" ಅಂದೆ.

"ಬ್ಯಾಡ ವೈನಿ. ಮತ್ತ ಟಪಾಲಿನವರ ಮ್ಯಾಲೆ ಹಾಕ್ತಾರ."

ಹತ್ತನೇ ದಿನ ಪೋಸ್ಟಿಗೆ ಹಾಕಿದಿವಿ. ಆ ಕಡೆಯಿಂದ ಏನೂ ಬರಲಿಲ್ಲ. ಒಂದು ತಿಂಗಳು, ಎರಡು ತಿಂಗಳು, ಐದು ತಿಂಗಳು. ನಾನು ಅಂಗಡ್ಯಾಗ ಕುಂತು ಮಂದಿಯ ಕೌದಿ ಹೊಲಿಯಾಕ ಹತ್ತಿದೆ. ಕಾಲೇಜಿನ ಆ ಸರ್ ಒಮ್ಮೆ ಬಂದ್ರು.

"ಮಷೀನ್ ಕೊಡೋದದೇನು ಬಾಯಾರ?"

"ಇಲ್ಲರಿ."

"ಯಾರು ಟೈಪ್ ಮಾಡ್ತಾರ?"

"ಯಾರೂ ಇಲ್ಲರಿ."

ಅವರು ಮಷೀನು ಒಮ್ಮೆ ನೋಡಿ ಹೋದ್ರು. ತಮ್ಮ ಪೇಪರ್ ಏನಾತು ಅಂತ ಹೇಳಲಿಲ್ಲ. ನಾನು ಕೇಳಲಿಲ್ಲ.

ಆರನೇ ತಿಂಗಳು ಟಪಾಲಿನವ ಬಂದು, "ಈ ಸಲ ದಪ್ಪ ಅದರಿ," ಅಂದ. ಮಾರಿ ಸಣ್ಣ ಮಾಡಿಕೊಂಡಿದ್ದ. ವಿಳಾಸ ಈ ಸಲ ಇವರ ಕೈ ಅಕ್ಷರದಾಗ ಇರಲಿಲ್ಲ. ಒಡೆದ್ರ ಒಳಗ ಪತ್ರಿಕಿಯ ಪುಸ್ತಕ. ಒಂದೇ ನಮೂನಿಯ ಎರಡು.

ಹಣಮಂತನ್ನ ಕರಿಸಿ ಕಾಕಾನ ಮನಿಗೆ ಒಯ್ದೆ. ಕಾಕಾ ಕನ್ನಡಿ ಹಿಡಿದು ಹಾಳಿ ತಿರುವಿದ್ರು. ಒಂದು ಕಡೆ ನಿಂತ್ರು. ನನ್ನ ಬೆರಳು ಹಿಡಿದು ಇವರ ಹೆಸರಿನ ಮ್ಯಾಲೆ ಇಟ್ರು. ಹೆಸರಿನ ಸುತ್ತ ನಾಕು ಕಡೆ ಕರಿ ಗೆರಿ ಇತ್ತು, ಚೌಕಟ್ಟಿನಂಗ.

"ಈ ಗೆರಿ ಯಾಕ ಕಾಕಾ? ನಾವು ನೋಡಿದಾಗ ಇರಲಿಲ್ಲ. ತಪ್ಪು ಬಿದ್ದದೇನು?"

"ತಪ್ಪಲ್ಲ ತಂಗಿ. ಸತ್ತವರ ಹೆಸರಿಗೆ ಹಿಂಗ ಕರಿ ಗೆರಿ ಹೊಡೀತಾರ. ಅವರು ಮೂಲಿ ಹರಿಯಂಗಿಲ್ಲ. ಅವರ ಪದ್ಧತಿ ಇದು."

"ಹಂಗಾದ್ರ ಅವರಿಗೆ ಸುದ್ದಿ ಮುಟ್ಟೇದ."

"ಮುಟ್ಟೇದ."

ಬಿಟ್ಟು ಹೋದ ಸಾಲೂ ಬಂದಿತ್ತು. ಮೂವತ್ತಾರು, ನಾಲ್ಕನೇತ್ತಾ ಪಾಸ್. ಹಣಮಂತ ಎರಡು ಸಲ ಓದಿ ಹೇಳಿದ. ಆಮ್ಯಾಲೆ ಅವನಿಗೆ ಚಿಂತಿ ಹತ್ತಿತು.

"ಕರಿ ಗೆರಿ ಅಂದ್ರ ಇದು ಸಾವಿನ ಕಾಗದ ಆತು. ಮನ್ಯಾಗ ಇಡಬಾರದು ವೈನಿ."

"ಮನ್ಯಾಗ ಯಾರು ಇಡ್ತಾರ? ಅಂಗಡ್ಯಾಗ ಇಡ್ತೇನಿ."

ಒಂದು ಪುಸ್ತಕ ಕಾಕಾ ಇಟ್ಕೊಂಡ್ರು. ಇನ್ನೊಂದು ಟೈಪ್ ಮಷೀನಿನ ಬುಡಕ ಅದ.

ಈಗೂ ಮುಂಜಾನೆ ಎದ್ದು ಕಸ ಹೊಡೀತೇನಿ, ನೀರು ತುಂಬ್ತೇನಿ. ಆಮ್ಯಾಲೆ ಮಷೀನಿನ ಮ್ಯಾಲಿನ ಅರಿವಿ ತಗೀತೇನಿ. ಆ ಅಕ್ಷರದ ಹೊಟ್ಟಿಯೊಳಗ ಈಗ ಮಸಿ ಇರಂಗಿಲ್ಲ. ಲಾರಿ ಅಡ್ಡಾಡಿ ಧೂಳು ಕುಂತಿರ್ತದ. ಸೂಜಿ ಹಾಕಿ ತಗದು, ಅರಿವಿ ಹೊಚ್ತೇನಿ.