ಬುಡ ಒಣಗಿದ್ದ ಗೋಡೆ

ಮುನಿಯಮ್ಮಕ್ಕಾ, ನಿಮ್ಮ ಮನೆಯ ಗೋಡೆ ಒದ್ದೆಯಾದದ್ದು ಗಣಿಯ ನೀರಿನಿಂದಲ್ಲ, ನನ್ನ ಫಿಶ್ ಟ್ಯಾಂಕಿನಿಂದ. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ — ಅದನ್ನು ನಂಬಿ ನೀವು ಮನೆ ಬಿಟ್ಟು ಹೋದಿರಿ.

ಅಂತೂ ಬರೆದುಬಿಟ್ಟೆ. ಈ ತಪ್ಪಿನ ಬೆನ್ನಿಗೇ ಒಂದು ಸಂತೋಷದ ಸುದ್ದಿಯೂ ಇದೆ. ಮೂರು ದಿನದಿಂದ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿಂತಲ್ಲಿ ನಿಲ್ಲಲಾರದೆ ಓಡಾಡುತ್ತಿದ್ದೇನೆ. ಆದರೆ ಮೊದಲು ತಪ್ಪನ್ನೇ ಹೇಳಬೇಕು.

ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಸಾಲುಮನೆಗಳ ನಮ್ಮ ಲೈನಿನಲ್ಲಿ ನಿಮ್ಮ ಮನೆಗೂ ನನ್ನ ಮನೆಗೂ ಒಂದೇ ನಡುಗೋಡೆ. ಆರು ವರ್ಷದ ಹಿಂದೆ ಆ ಗೋಡೆಗೆ ಒತ್ತಿ ಆರಡಿ ಉದ್ದದ ಟ್ಯಾಂಕ್ ಇಟ್ಟಾಗ ಲೈನಿಗೆ ಲೈನೇ ನೋಡಲು ಬಂತು. ನೀವೂ ಬಂದು ಒಂದು ಗಂಟೆ ಕೂತಿದ್ದಿರಿ. ನಾನೇ ಅಂಟಿಸಿದ ಗಾಜು, ನಾನೇ ಸಾಕಿದ ಮೀನು — ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ ನನಗೆ! ಮೇಲಿನಿಂದ ಬಗ್ಗಿ ನೋಡುವುದೇ ಚೆಂದವೆಂದು ಮುಚ್ಚಳ ಹಾಕಲಿಲ್ಲ. ಮೀನಿಗೆ ಚಳಿಯಾದೀತೆಂದು ನೀರನ್ನು ಬೆಚ್ಚಗಿಟ್ಟೆ, ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊಡೆದೆ. ದಿನಾ ಅರ್ಧ ಬಿಂದಿಗೆಯಷ್ಟು ನೀರು ಕಡಿಮೆಯಾಗುತ್ತಿತ್ತು, ದಿನಾ ಸುರಿಯುತ್ತಿದ್ದೆ. ಅದೆಲ್ಲ ಎಲ್ಲಿಗೆ ಹೋಗುತ್ತಿದೆ ಎಂದು ಯೋಚಿಸಲೇ ಇಲ್ಲ.

ಹೋಗುತ್ತಿದ್ದುದು ನಿಮ್ಮ ಮನೆಗೆ. ನಮ್ಮ ನಡುಗೋಡೆ ಮಾಡಿನ ತಗಡಿಗೆ ಮುಟ್ಟುವುದಿಲ್ಲವಲ್ಲ, ಮೇಲೆ ಮೊಳದಷ್ಟು ಸಂದಿ. ನಿಮ್ಮ ಒಗ್ಗರಣೆಯ ಘಾಟು ದಾಟಿ ಬಂದು ನನಗೆ ಸೀನು ತರಿಸುತ್ತಿದ್ದ ಅದೇ ಸಂದಿಯಿಂದ ನನ್ನ ಟ್ಯಾಂಕಿನ ಆವಿ ನಿಮ್ಮ ಕಡೆ ದಾಟುತ್ತಿತ್ತು. ತಣ್ಣನೆಯ ತಗಡಿಗೆ ತಾಗಿ ನೀರಾಗಿ ಗೋಡೆಗುಂಟ ಇಳಿಯುತ್ತಿತ್ತು.

ಆ ಗೋಡೆಯ ಮೇಲೆ, ನಿಮ್ಮ ಕಡೆ, ತೀರಿಹೋದ ಭಾವನ ಫೋಟೋ ಇತ್ತು. ಗಣಿಯ ಟೋಪಿ ಹಾಕಿಕೊಂಡು ನಗುತ್ತಿದ್ದದ್ದು, ಇದ್ದದ್ದು ಅದೊಂದೇ. ಗಾಜಿನೊಳಗೆ ಬೂಷ್ಟು ಹಿಡಿದದ್ದು ಕಂಡು ನೀವು ನನ್ನನ್ನು ಕರೆದಿರಿ. ಸ್ಟೂಲು ಹತ್ತಿ ಇಳಿಸಿದೆ. ಚೌಕಟ್ಟು ಬಿಚ್ಚಿದರೆ ಭಾವನ ಮುಖ ಗಾಜಿಗೇ ಅಂಟಿಕೊಂಡು ಕಿತ್ತು ಬಂತು. ನೀವು ಆ ಗಾಜನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತುಬಿಟ್ಟಿರಿ. ಸ್ಟೂಲಿನ ಮೇಲಿದ್ದಾಗ ನಾನು ಇನ್ನೊಂದನ್ನೂ ನೋಡಿದ್ದೆ — ಗೋಡೆ ತಗಡಿನ ಕೆಳಗೆ ತೊಟ್ಟಿಕ್ಕುತ್ತಿತ್ತು, ಬುಡ ಒಣಗಿಯೇ ಇತ್ತು. ನೆಲದಿಂದ ಏರುವ ನೀರು ಮೊದಲು ನೆನೆಸುವುದು ಬುಡವನ್ನು. ಗಣಿಯಲ್ಲಿ ಪಂಪು ನಡೆಸುತ್ತಿದ್ದವನ ಮಗನಿಗೆ ಅಷ್ಟೂ ತಿಳಿಯದೇ? ತಿಳಿಯಿತು, ಆ ಕ್ಷಣವೇ ತಿಳಿಯಿತು.

ಮರುದಿನ ಬೆಳಗ್ಗೆ ನಲ್ಲಿಯ ಹತ್ತಿರ, ಎಲ್ಲರೆದುರು, ನೀವು ಕೇಳಿದಿರಿ. ಗಣಿ ಮುಚ್ಚಿ, ಪಂಪು ನಿಂತು, ಕೆಳಗೆಲ್ಲ ನೀರು ತುಂಬಿದೆಯೆಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅದು ಒಂದಲ್ಲ ಒಂದು ದಿನ ಮೇಲೆ ಬರುತ್ತದೆಂಬ ಭಯ ಎಲ್ಲರಿಗೂ ಇದೆ. ಆ ನೀರಿನ ವಿಚಾರ ಬಂದರೆ ನಮ್ಮ ಮನೆಯವರು ಹೇಳಿದ್ದೇ ಕೊನೆ.

“ಲೇ ಸೀನಾ, ನಿಮ್ಮಪ್ಪ ಪಂಪಿನೋನು, ನಿಂಗೆ ಗೊತ್ತಿರ್ತೈತೆ. ಗಣಿ ನೀರು ಮ್ಯಾಕೆ ಬತ್ತೈತೇನ್ಲಾ?”

“ಊಂ ಅಕ್ಕ, ಗಣಿ ನೀರೇ. ಬತ್ತಾ ಐತೆ.”

ಇಷ್ಟೇ ಮಾತು. ಪಕ್ಕದಲ್ಲಿದ್ದ ಸೆಲ್ವಿ ಬಿಂದಿಗೆ ಕೆಳಗಿಟ್ಟು, ಕಾಪಾಡೆಂದು ಮುರುಗ ದೇವರಿಗೆ ಕೈಮುಗಿದಳು. ಕೆಲಸಕ್ಕೆಂದು ಗಣಿಗಿಳಿದ ಭಾವ ಜೀವಂತ ಮೇಲೆ ಬರಲಿಲ್ಲ. ಈಗ ಅಲ್ಲಿನ ನೀರು ನಿಮ್ಮನ್ನೇ ಹುಡುಕಿಕೊಂಡು ಬಂದಿದೆ, ಆ ಗೋಡೆಯ ಪಕ್ಕ ಕಣ್ಣು ಮುಚ್ಚಲಾಗುತ್ತಿಲ್ಲ ಎಂದು ಆಮೇಲೆ ನನ್ನ ಹತ್ತಿರವೇ ಹೇಳಿಕೊಂಡಿರಿ. ಆಗಲಾದರೂ ಬಾಯಿ ಬಿಡಬಹುದಿತ್ತು — ಬಿಡಲಿಲ್ಲ. ನಿಜ ಹೇಳಿದರೆ ಟ್ಯಾಂಕ್ ತೆಗೆ ಅನ್ನುತ್ತೀರೆಂಬ ಭಯ. ನಿಮಗಿಂತ ನನಗೆ ನನ್ನ ಮೀನು ಹೆಚ್ಚಾಯಿತು. ತಿಂಗಳೊಳಗೆ ನೀವು ಬೀಗದಕೈ ನನ್ನ ಕೈಗೇ ಕೊಟ್ಟು, ಬಂಗಾರಪೇಟೆಯ ತಂಗಿಯ ಮನೆ ಸೇರಿದಿರಿ.

ಈಗ ಸುದ್ದಿ ಕೇಳಿ. ಈ ವರ್ಷ ನನ್ನ ಹಾಸಿಗೆ, ಬೀರುವಿನ ಬಟ್ಟೆಯೆಲ್ಲ ಮುಗ್ಗಲು ವಾಸನೆ ಹೊಡೆಯತೊಡಗಿದವು. ಗಾಳಿಯ ತೇವ ತೋರಿಸುವ ಅಂಗೈಯಗಲದ ಮೀಟರ್ ತಂದು ಗೋಡೆಗೆ ಹಾಕಿದೆ. ನೂರಕ್ಕೆ ಎಂಬತ್ತೈದು! ರಾಬರ್ಟ್‌ಸನ್‌ಪೇಟೆಯಲ್ಲಿ ಗಾಜು ಕೊಯ್ಯಿಸಿ ತಂದು ಟ್ಯಾಂಕಿಗೆ ಮುಚ್ಚಳ ಮಾಡಿದೆ, ಕಿಟಕಿಯ ಪ್ಲಾಸ್ಟಿಕ್ ಕಿತ್ತೆಸೆದೆ, ಗಾಳಿಯನ್ನು ಹೊರಕ್ಕೆಳೆಯುವ ಫ್ಯಾನ್ ಕೂರಿಸಿದೆ, ನೀರಿನ ಬಿಸಿ ಇಳಿಸಿದೆ. ಎಪ್ಪತ್ತೆಂಟು, ಎಪ್ಪತ್ತು, ಅರವತ್ತಮೂರು — ಕ್ರಿಕೆಟ್ ಸ್ಕೋರ್ ನೋಡುವ ಹಾಗೆ ಮೀಟರಿನ ಮುಂದೆ ಊಟದ ತಟ್ಟೆ ಹಿಡಿದು ಕೂರುತ್ತಿದ್ದೆ. ಐವತ್ತೈದಕ್ಕೆ ಬಂದು ನಿಂತ ದಿನ ಕುಣಿದುಬಿಟ್ಟೆ! ಆಮೇಲೆ ನಿಮ್ಮ ಬೀಗದಕೈ ನೆನಪಾಯಿತು.

ಅಕ್ಕಾ, ನಿಮ್ಮ ಗೋಡೆಯೂ ಒಣಗಿದೆ! ಅಂಗೈ ಒತ್ತಿ ನೋಡಿದೆ, ನಂಬಿಕೆ ಬರದೆ ಕೆನ್ನೆ ಒತ್ತಿ ನೋಡಿದೆ. ತಗಡಿನ ಕೆಳಗೂ ಒಂದು ಹನಿಯಿಲ್ಲ. ನಿಮ್ಮ ಖಾಲಿ ಮನೆಯಲ್ಲಿ ಒಬ್ಬನೇ ನಿಂತು ಚಪ್ಪಾಳೆ ತಟ್ಟಿದೆ. ಓಡಿ ಬಂದು ನಿಮಗೇ ಹೇಳಬೇಕೆಂದು ಹೊರಟವನು ಹೊಸಿಲಲ್ಲಿ ನಿಂತೆ. ಗೋಡೆ ಒಣಗಿತೆಂದರೆ ಯಾಕೆ ಒಣಗಿತೆಂದು ಕೇಳುತ್ತೀರಿ...

ನಿನ್ನೆ ನಿಮ್ಮ ಫೋನು ಬಂತು. ಭಾನುವಾರ ಬರುತ್ತೀರಂತೆ, ಮನೆ ಬೇರೆಯವರಿಗೆ ಬಿಟ್ಟುಕೊಡುತ್ತೀರಂತೆ, ಬೀಗದಕೈ ತೆಗೆದಿಡಬೇಕಂತೆ. ಇನ್ನು ಸುಮ್ಮನಿದ್ದರೆ ಮನೆ ಪೂರ್ತಿಯಾಗಿಯೇ ನಿಮ್ಮ ಕೈತಪ್ಪುತ್ತದೆ.

ಇವತ್ತು ಬೆಳಗ್ಗೆ ಅದೇ ನಲ್ಲಿಯ ಹತ್ತಿರ, ಎಲ್ಲರೆದುರು, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಯಾರೂ ಬೈಯಲಿಲ್ಲ. ಸೆಲ್ವಿ ಮಾತ್ರ ನನ್ನ ಮುಖವನ್ನೇ ನೋಡುತ್ತಾ ಕೇಳಿದಳು.

“ಅಂಗಾದ್ರೆ ಆಯಮ್ಮ ಸುಮ್ಕೆ ಮನೆ ಬಿಟ್ಟು ಓದ್ರಾ?”

ಹೌದು ಅಕ್ಕಾ, ನೀವು ಸುಮ್ಮನೆ ಹೋದಿರಿ. ಐದು ವರ್ಷ, ಸುಮ್ಮನೆ.

ಇದನ್ನು ಬಂಗಾರಪೇಟೆ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಬೀಗದಕೈ ಜೇಬಿನಲ್ಲಿದೆ. ನಿಮಗೆ ಓದಲು ಬಾರದು, ಬೇರೆಯವರ ಬಾಯಿಂದ ಇದನ್ನು ನೀವು ಕೇಳಬಾರದು. ನಿಮ್ಮ ಬಾಗಿಲಲ್ಲಿ ನಿಂತು ನಾನೇ ಓದುತ್ತೇನೆ. ಒಳಗೆ ಕರೆಯುವುದು, ಬಿಡುವುದು ನಿಮಗೆ ಸೇರಿದ್ದು. ಟ್ಯಾಂಕ್ ತೆಗೆ ಎಂದರೆ ನಾಳೆಯೇ ತೆಗೆಯುತ್ತೇನೆ. ನಿಮ್ಮ ಮನೆ ಒಣಗಿದೆ, ನಿಮಗಾಗಿ ಇದೆ. ಭಾವನ ಮುಖ ಮಾತ್ರ ಆ ಗಾಜಿನಲ್ಲೇ ಹೋಯಿತು. ಅದನ್ನು ತಂದುಕೊಡಲು ನನ್ನಿಂದಾಗುವುದಿಲ್ಲ, ಅಕ್ಕಾ.