ಮಸ್ಕಿಯ ಹತ್ತು ನಿಮಿಷ

ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ ಎಂದು ಹೆಂಡತಿಯ ದೂರು. ಅದರಲ್ಲಿ ಅರ್ಧ ತಪ್ಪು ನೌಕರಿಯದು. ಮನೆ ಸಿಂಧನೂರಿನಲ್ಲಿ, ಮೂರೆಕರೆ ಗದ್ದೆ ಅಲ್ಲೇ ಹತ್ತಿರದ ಸಾಲಗುಂದದಲ್ಲಿ, ಗುಮಾಸ್ತಿಕೆ ಲಿಂಗಸುಗೂರಿನಲ್ಲಿ. ನಾನು ಮನೆ ಮುಟ್ಟುವ ಹೊತ್ತಿಗೆ ಓಣಿಯೆಲ್ಲ ಉಂಡು ಕೈ ತೊಳೆದಿರುತ್ತದೆ.

ಬೆಳಿಗ್ಗೆ ಲಿಂಗಸುಗೂರಿನ ಬಸ್ಸು ದಾರಿಯ ಮಸ್ಕಿಯಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ನಾನು ಇಳಿದು ಚಹಾ ಕುಡಿಯುವಾಗ ಆ ಊರಿನ ಕೂಲಿಯಾಳು ಹುಲಿಗೆಮ್ಮನೂ ಅವಳ ಗುಂಪಿನ ಹೆಂಗಸರೂ ಸಿಂಧನೂರಿನ ಕಡೆ ನೆಲ್ಲು ನಾಟಿಗೆ ಹೋಗಲು ಟಂಟಂ ಆಟೋ ಕಾಯುತ್ತಿರುತ್ತಾರೆ. ಮಸ್ಕಿಯ ಒಣಹೊಲದ ಕೂಲಿಗಿಂತ ನಮ್ಮ ಕಾಲುವೆ ಕಡೆಯ ಕೂಲಿ ಹೆಚ್ಚು. ಹಾಗಾದರೆ ಸಾಲಗುಂದದ ಆಳುಗಳೆಲ್ಲಿ ಎನ್ನುತ್ತೀರಾ? ಅವರು ಇನ್ನೂ ಹೆಚ್ಚಿನ ಕೂಲಿಗೆ ಬೆಂಗಳೂರಿನಲ್ಲಿ ಕಟ್ಟಡ ಕಟ್ಟುತ್ತಿದ್ದಾರೆ. ಕೆಲಸ ಹಂಚಿದ ಪುಣ್ಯಾತ್ಮ ಯಾರ ಊರು ಯಾವುದೆಂದು ನೋಡಿರಲಿಕ್ಕಿಲ್ಲ.

"ಸಾಹೇಬ್ರ, ನಿಮ್ಮೂರಾಗ ಆಫೀಸ್ ಇಲ್ಲೇನ್ರಿ?" ಎಂದು ಹುಲಿಗೆಮ್ಮ ಒಮ್ಮೆ ಮರುಕದಿಂದ ಕೇಳಿದ್ದಳು. ಮರುಕಪಡುವ ಸರದಿ ನನ್ನದೆಂದು ತಿಳಿದಿದ್ದ ನನಗೆ ಕೊಂಚ ಅವಮಾನವೇ ಆಯಿತು.

ಈ ಸಲ ಆಳು ಸಿಗದೆ ನನ್ನ ಮಡಿಯಲ್ಲಿ ನೆಲ್ಲಿನ ಸಸಿ ಬಲಿಯತೊಡಗಿತು. ವಾರದೊಳಗೆ ನಾಟಿ ಆಗದಿದ್ದರೆ ಬೆಳೆಯ ಆಸೆ ಬಿಡಬೇಕಿತ್ತು. ಕಡತ ತೆರೆದರೂ ಕಣ್ಣಿಗೆ ಕಾಣುವುದು ಆ ಸಸಿಯೇ. ಕೊನೆಗೆ ಮಸ್ಕಿಯಲ್ಲಿ ಹುಲಿಗೆಮ್ಮನಿಗೆ ಕೈಮುಗಿದೆ.

"ಬರ್ತೀವ್ರಿ. ಆದ್ರ ಸಂಜಿ ನಾಕಕ್ಕ ನಾವು ಟಂಟಂ ಹತ್ತಾವ್ರ."

ನಾಲ್ಕಕ್ಕೇ ಹೊರಟರೆ ಎರಡು ದಿನದ ಕೆಲಸ ಮೂರು ದಿನವಾಗುತ್ತದೆ. ಗದ್ದೆಯ ಶೆಡ್ಡಿನಲ್ಲೇ ಉಳಿಯಿರಿ ಎಂದೆ. ತಲೆ ಅಲ್ಲಾಡಿಸಿದಳು. ಆಗ ನನ್ನೊಳಗಿನ ಪಂಡಿತ ಎದ್ದು ನಿಂತ.

"ನೋಡವ್ವಾ ಹುಲಿಗೆಮ್ಮ, ಮಡಿಯಿಂದ ಕಿತ್ತು ಬ್ಯಾರೆ ಕಡೆ ಹಚ್ಚಿದ ಸಸೀನೇ ಚಂದ ಬೆಳೀತೈತಿ."

"ಖರೇರಿ ಸಾಹೇಬ್ರ. ಆದ್ರ ಸಸಿ ಸಂಜಿಗೆ ಮನಿಗೆ ಹೋಗಿ ರೊಟ್ಟಿ ಬಡಿಯೂದಿಲ್ಲಲ್ರಿ."

ಇಡೀ ಗುಂಪು ನಕ್ಕಿತು. ಚಹಾದಂಗಡಿಯವನೂ ನಕ್ಕ. ಎಂದಿಲ್ಲದ ಅವಸರದಲ್ಲಿ ನಾನು ಬಸ್ಸು ಹತ್ತಿದೆ.

ಮೂರು ದಿನ ಬಂದರು. ಮೂರೂ ದಿನ ನಾಲ್ಕಕ್ಕೆ ಸರಿಯಾಗಿ ಕಾಲುವೆಯಲ್ಲಿ ಕೈಕಾಲು ತೊಳೆದು ಹೊರಟರು. ಸಸಿ ಬದುಕಿತು. ರಜೆ ಹಾಕಿ ಬದುವಿನ ಮೇಲೆ ನಿಂತಿದ್ದ ನಾನು, ಟಂಟಂ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ. ಹೊಟ್ಟೆಕಿಚ್ಚಾಯಿತು.

ಪ್ರತಿ ವರ್ಷವೂ ವರ್ಗಾವಣೆ ಅರ್ಜಿಯ 'ಕಾರಣ' ಎಂಬಲ್ಲಿ ಬೆನ್ನುನೋವು, ಮಂಡಿನೋವು, ರಕ್ತದೊತ್ತಡ ಎಂದು ನಾನು ತುಂಬದ ರೋಗವಿಲ್ಲ. ಈ ವರ್ಷ ಅಲ್ಲಿ ಪೆನ್ನು ನಿಂತಿತು. ಆಮೇಲೆ ಬರೆದೆ: ಸಂಜೆಗೆ ಮನೆ ಮುಟ್ಟಬೇಕು.